ಮಲಗಿದ ಬೆಕ್ಕಿನ ಫೋಟೋ ತೋರಿಸಿ ಜೋಡಿ ಕ್ಯಾಮೆರಾ ಮಾರುತ್ತಾರೆ, ಹುಷಾರು

ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ನಿನ್ನೆ ಅದೇ ಜಾಹೀರಾತು ಮತ್ತೆ ಕಣ್ಣಿಗೆ ಬಿತ್ತು.

ನಮ್ಮ ಮನೆಯಲ್ಲಿ ಎರಡು ಬೆಕ್ಕು. ಸೀನ ಹಳದಿ ಪಟ್ಟೆಯವನು, ಕರಿಯ ಪೂರ್ತಿ ಕಪ್ಪು. ಇವರನ್ನು ಸ್ಟೀರಿಯೋ ಫೋಟೋದಲ್ಲಿ ಹಿಡಿಯಬೇಕು ಅನ್ನೋದು ನನ್ನ ಹುಚ್ಚು. ಅಂದರೆ ಸ್ವಲ್ಪ ಎಡದಿಂದ ಒಂದು, ಸ್ವಲ್ಪ ಬಲದಿಂದ ಒಂದು ಫೋಟೋ ತೆಗೆದು, ಒಂದೊಂದು ಕಣ್ಣಿಗೆ ಒಂದೊಂದನ್ನು ತೋರಿಸಿದರೆ ಚಿತ್ರಕ್ಕೆ ಆಳ ಬರುತ್ತದೆ. ಚೆನ್ನಾಗಿ ಬಂದರೆ ಮೀಸೆ ಒಂದೊಂದೂ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಇಷ್ಟು ದಿನ ಇದ್ದದ್ದು ಒಂದೇ ಕ್ಯಾಮೆರಾ. ಎಡಗಾಲಿನ ಮೇಲೆ ಭಾರ ಹಾಕಿ ಒಂದು ಕ್ಲಿಕ್, ಬಲಗಾಲಿಗೆ ವಾಲಿ ಇನ್ನೊಂದು. ಹೂವಿನ ಕುಂಡಕ್ಕೆ ಇದು ಸಾಕು. ಬೆಕ್ಕಿಗೆ ಆಗಲ್ಲ, ಎರಡು ಕ್ಲಿಕ್ ನಡುವೆ ಬಾಲ ಎಲ್ಲೋ ಹೋಗಿರುತ್ತದೆ, ಕಿವಿ ತಿರುಗಿರುತ್ತದೆ.

ಹಾಗಾಗಿ 2010ರಲ್ಲಿ ಬಂದ ಫ್ಯೂಜಿ ಡಬ್ಲ್ಯೂ3 ಹುಡುಕುತ್ತಿದ್ದೆ. ಒಂದೇ ಕ್ಯಾಮೆರಾದಲ್ಲಿ ಏಳೂವರೆ ಸೆಂಟಿಮೀಟರ್ ಅಂತರದಲ್ಲಿ ಎರಡು ಲೆನ್ಸ್. ಈಗ ಸೆಕೆಂಡ್ ಹ್ಯಾಂಡ್ ಬಿಟ್ಟರೆ ಸಿಗಲ್ಲ. ಅಷ್ಟರಲ್ಲಿ ಈ ಜಾಹೀರಾತಿನ ಮನುಷ್ಯ ಸಿಕ್ಕಿದ. ಒಂದು ಪಟ್ಟಿಯ ಮೇಲೆ ಒಂದೇ ಮಾಡೆಲ್‌ನ ಎರಡು ಸಣ್ಣ ಕ್ಯಾಮೆರಾ, ಒಂದು ವೈರು, ಒಂದೇ ಬಟನ್. "ಆ ಹಳೇದು ಯಾಕೆ ಸರ್? ನಿಮಗೆ ಬೆಕ್ಕಿಗೆ ತಾನೇ ಬೇಕು? ನಮ್ಮ ಸ್ಯಾಂಪಲ್ ಎಲ್ಲಾ ಬೆಕ್ಕೇ ನೋಡಿ!" ಏಳು ಫೋಟೋ ಕಳಿಸಿದ. ನಿಜಕ್ಕೂ ಚೆನ್ನಾಗಿದ್ದವು. ಎರಡೂ ಒಟ್ಟಿಗೇ ಕ್ಲಿಕ್ ಆಗುತ್ತವಾ ಅಂತ ಕೇಳಿದೆ, ಕೇಳಲಿಲ್ಲ ಅಂತ ಅಂದ್ಕೋಬೇಡಿ. "ಒಂದು ಕೂದಲೆಳೆ ವ್ಯತ್ಯಾಸ ಇಲ್ಲ ಸರ್." ಅರ್ಧ ಮೀಟರ್ ಹತ್ತಿರದಿಂದ ತೆಗೆಯಬಹುದಾ? "ಆರಾಮಾಗಿ." ದುಡ್ಡು ಹಾಕಿಬಿಟ್ಟೆ.

ಬಂದ ದಿನ ಸಂಜೆ ಕರಿಯ ಸೋಫಾದಿಂದ ಹಾರುವಾಗ ಬಟನ್ ಒತ್ತಿದೆ. ಎಡ ಫೋಟೋದಲ್ಲಿ ಬೆಕ್ಕು ಗಾಳಿಯಲ್ಲಿದೆ, ಬಲ ಫೋಟೋದಲ್ಲಿ ನೆಲದ ಮೇಲಿದೆ. ಫ್ಲಾಶ್ ಹಾಕಿ ನೋಡಿದೆ. ಎಡದಲ್ಲಿ ಕಣ್ಣು ಹಸಿರಾಗಿ ಹೊಳೆಯುತ್ತಿದೆ, ಬಲದಲ್ಲಿ ಕಣ್ಣು ಮುಚ್ಚಿದೆ! ಮೊದಲ ಫ್ಲಾಶಿಗೆ ಬೆಚ್ಚಿ ಕಣ್ಣು ಮುಚ್ಚಿಕೊಳ್ಳುವಷ್ಟು ಟೈಮ್ ಸಿಕ್ಕಿದೆ ಅದಕ್ಕೆ. ಕೊನೆಗೆ ಫೋನಿನಲ್ಲಿ ಸ್ಟಾಪ್‌ವಾಚ್ ಓಡಿಸಿ ಅದರದ್ದೇ ಫೋಟೋ ತೆಗೆದೆ. ಎಡದಲ್ಲಿ 4.12, ಬಲದಲ್ಲಿ 4.31. ಹತ್ತು ಸಲ ತೆಗೆದೆ, ಒಂದು ಸಲವೂ ಸೇರಲಿಲ್ಲ. ಸೆಕೆಂಡಿಗೆ ಅರ್ಧ ಮೀಟರ್‌ನಂತೆ ಬೆಕ್ಕು ಸುಮ್ನೆ ನಡೆದರೂ ಅಷ್ಟರಲ್ಲಿ ಒಂಬತ್ತು ಸೆಂಟಿಮೀಟರ್ ದಾಟಿರುತ್ತದೆ. ನಮ್ಮ ಎರಡು ಕಣ್ಣಿನ ನಡುವಿನ ಅಂತರವೇ ಆರೂವರೆ ಸೆಂಟಿಮೀಟರ್ ಆಸುಪಾಸು, ಇನ್ನು ಆಳ ಎಲ್ಲಿಂದ ಬರಬೇಕು? ನೋಡಿದರೆ ತಲೆನೋವು ಬರುತ್ತದೆ ಅಷ್ಟೇ.

ಆಮೇಲೆ ಅವನ ಸ್ಯಾಂಪಲ್‌ಗಳನ್ನು ಮತ್ತೆ ತೆಗೆದು ನೋಡಿದೆ. ಆಗ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗಾಯಿತು. ಏಳಕ್ಕೆ ಏಳೂ ಬೆಕ್ಕು ಮಲಗಿವೆ. ಸೋಫಾ ಮೇಲೆ, ಕಾಂಪೌಂಡ್ ಗೋಡೆ ಮೇಲೆ, ತೋಟದ ಬೆಂಚಿನ ಮೇಲೆ, ಎಲ್ಲಾ ನಿದ್ದೆ. ಒಂದೂ ಎದ್ದಿಲ್ಲ! ಏಳು ಮಲಗಿದ ಬೆಕ್ಕು ನೋಡಿ ನಾನು "ಆಹಾ ಏನು ಆಳ" ಅಂದಿದ್ದೆ. ಅಷ್ಟೇ ಅಲ್ಲ. ಸೋಫಾದ ಫೋಟೋದಲ್ಲಿ ಬೆಕ್ಕಿನ ಬೆನ್ನ ಮೇಲೆ ಕಿಟಕಿ ಸರಳಿನ ನೆರಳಿದೆ. ಆ ನೆರಳು ಬಲ ಫೋಟೋದಲ್ಲಿ ಒಂದು ಬೆರಳು ಆಚೆ ಸರಿದಿದೆ. ಕಿಟಕಿ ಸರಳು ಗಾಳಿಗೆ ಅಲ್ಲಾಡಲ್ಲ, ಅಲ್ವಾ? ಸೂರ್ಯ ಸರಿಯಬೇಕು, ಅಂದರೆ ಒಂದೆರಡು ನಿಮಿಷವಾದರೂ ಬೇಕು. ಈ ಜೋಡಿಯಿಂದ ತೆಗೆದದ್ದೇ ಅಲ್ಲ ಅದು. ಒಂದೇ ಕ್ಯಾಮೆರಾ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ. ನಾನು ಇಷ್ಟು ವರ್ಷ ಮಾಡುತ್ತಿದ್ದದ್ದೇ. ಅದನ್ನೇ ನನಗೆ ಮಾರಿದ.

ಮೆಸೇಜ್ ಮಾಡಿದೆ. ಮೊದಲ ಉತ್ತರ: "ಬೆಕ್ಕು ಅಲ್ಲಾಡಿದ್ರೆ ನಾನೇನ್ ಮಾಡ್ಲಿ ಸರ್?" ಸ್ಟಾಪ್‌ವಾಚ್ ಫೋಟೋ ಕಳಿಸಿದೆ. "ನಿಮ್ಮ ಫೋನ್ ಸ್ಲೋ ಇರಬೇಕು." ನೆರಳಿನ ವಿಷಯ ಕೇಳಿದೆ. ಎರಡು ದಿನ ಉತ್ತರವಿಲ್ಲ. ಆಮೇಲೆ, "ಸ್ವಲ್ಪ ಟ್ರೈನಿಂಗ್ ಕೊಡಿ ಸರ್, ಬೆಕ್ಕಿಗೆ." ಬೆಕ್ಕಿಗೆ ಟ್ರೈನಿಂಗ್! ಬೆಕ್ಕು ಸಾಕಿದವರು ಹೇಳುವ ಮಾತಾ ಇದು?

ಹತ್ತಿರದಿಂದ ತೆಗೆಯೋದು ಕೂಡ ಸುಳ್ಳೇ. ಪಟ್ಟಿ ಮೇಲೆ ಲೆನ್ಸಿನಿಂದ ಲೆನ್ಸಿಗೆ 11 ಸೆಂಟಿಮೀಟರ್ ಇದೆ. ಎರಡು ಚಿತ್ರವೂ ಕಣ್ಣಿಗೆ ಆರಾಮಾಗಿ ಒಂದಾಗಿ ಸೇರಬೇಕಾದರೆ ಲೆನ್ಸ್‌ಗಳ ಅಂತರದ ಸುಮಾರು 30 ಪಟ್ಟು ದೂರದಲ್ಲಿ ಬೆಕ್ಕಿರಬೇಕು ಅನ್ನೋದು ಸ್ಟೀರಿಯೋದವರ ರೂಢಿಯ ಲೆಕ್ಕ. ಅಂದರೆ ಮೂರು ಮೀಟರ್‌ಗಿಂತ ಜಾಸ್ತಿ. ಅರ್ಧ ಮೀಟರ್‌ನಿಂದ ತೆಗೆಯೋದಾದರೆ ಎರಡು ಸೆಂಟಿಮೀಟರ್ ಅಂತರ ಕೂಡ ಜಾಸ್ತಿಯೇ. ಈ ಲೆಕ್ಕ ನನಗೂ ಗೊತ್ತಿತ್ತು. ಅದೇ ಉರಿಯೋದು. ಪಟ್ಟಿ ಎಷ್ಟು ಅಗಲ ಅಂತ ಒಂದು ಮಾತು ಕೇಳಲಿಲ್ಲ.

ನೀವು ಯಾರಾದರೂ ಜೋಡಿ ಕ್ಯಾಮೆರಾ ತಗೊಳ್ಳೋದಾದರೆ ಓಡುವ ಸ್ಟಾಪ್‌ವಾಚಿನ ಫೋಟೋ ಕೇಳಿ, ಎಡ ಬಲ ಎರಡೂ. ಇಲ್ಲವೇ ನಲ್ಲಿಯಿಂದ ತೊಟ್ಟಿಕ್ಕುವ ನೀರಿನದ್ದು. ಕಳಿಸಲ್ಲ ಅಂದರೆ ಅಲ್ಲಿಗೇ ಬಿಡಿ, ಸರ್ ಸರ್ ಅಂದರೆ ಕರಗಬೇಡಿ ನನ್ನ ಹಾಗೆ.

ದುಡ್ಡು ವಾಪಸ್ ಕೊಡಲಿಲ್ಲ. ಕೊನೆಯ ಸಲ ಕೇಳಿದಾಗ, "ಒಂದಾದರೂ ಚೆನ್ನಾಗಿ ಬಂದಿದೆಯಾ? ಕಳಿಸಿ, ನೋಡಿ ಹೇಳ್ತೀನಿ" ಅಂದ. ಸೀನ ಬುಟ್ಟಿಯಲ್ಲಿ ಸುರುಳಿ ಸುತ್ತಿ ಮಲಗಿದ್ದಾಗ ದೂರದಿಂದ ತೆಗೆದದ್ದು ಒಂದಿತ್ತು, ಪೆದ್ದನ ಹಾಗೆ ಕಳಿಸಿದೆ. "ಸೂಪರ್ ಆಗಿದೆಯಲ್ಲಾ ಸರ್! ಕ್ಯಾಮೆರಾ ಸರಿಯಾಗಿಯೇ ಇದೆ." ಅಷ್ಟೇ, ಆಮೇಲೆ ಮಾತಿಲ್ಲ.

ನಿನ್ನೆ ಕಂಡ ಜಾಹೀರಾತಿನಲ್ಲಿ ಸ್ಯಾಂಪಲ್ ಎಂಟಾಗಿದೆ. ಎಂಟನೆಯದರಲ್ಲಿ ಬುಟ್ಟಿಯೊಳಗೆ ಹಳದಿ ಪಟ್ಟೆಯ ಬೆಕ್ಕು, ಎಡಕಿವಿಯ ತುದಿ ಸೀಳಿದೆ. ಅದು ನಮ್ಮ ಸೀನ.