ಕಂಪೈಲರ್ ಹಾಕಿಕೊಡ್ತೀನಿ ಅಂತ ರಿಮೋಟ್ ಕೇಳೋರಿಗೆ ಲ್ಯಾಪ್‌ಟಾಪ್ ಕೊಡಬೇಡಿ

ಸಿ ಪ್ಲಸ್ ಪ್ಲಸ್ ಪ್ರೋಗ್ರಾಮಿಂಗ್‌ಗೆ ಬೇಕಾದ ಕಂಪೈಲರ್ (ನಾವು ಬರೆದ ಕೋಡನ್ನ ಓಡೋ ಪ್ರೋಗ್ರಾಮ್ ಮಾಡೋ ಸಾಫ್ಟ್‌ವೇರ್) ಸೆಟಪ್ ಮಾಡಿಕೊಡ್ತೀವಿ ಅಂತ ಕಾಲೇಜು ಗ್ರೂಪ್‌ಗಳಲ್ಲಿ ಓಡಾಡ್ತಿರೋ ಮೆಸೇಜ್ ನಿಮಗೂ ಬಂದಿರುತ್ತೆ. ನಂಬಬೇಡಿ. ದುಡ್ಡು ಹೋಗಿದ್ದು ಒಂದು ಕಡೆ ಇರಲಿ, ಆ ಮೆಸೇಜ್ ಹಾಕಿದವನು ನನ್ನ ಕಣ್ಣೆದುರೇ, ನನ್ನ ಸ್ಕ್ರೀನ್ ಮೇಲೇ ಲ್ಯಾಪ್‌ಟಾಪ್ ಸೆಟಪ್ ಹಾಳು ಮಾಡಿದ್ನಲ್ಲ, ಅದಕ್ಕೆ ಮೈ ಉರೀತಿದೆ.

ನನ್ನದು ಮಾಮೂಲಿ ತೊಂದರೆ. ಮಿನ್‌ಜಿಡಬ್ಲ್ಯೂ (ಜಿಸಿಸಿ ಅನ್ನೋ ಕಂಪೈಲರ್‌ನ ವಿಂಡೋಸ್ ರೂಪ) ಸಿ ಡ್ರೈವ್‌ನಲ್ಲೇ ಇತ್ತು, ಅದನ್ನ ಓಡಿಸೋ ಕಮಾಂಡ್ ಜಿ ಪ್ಲಸ್ ಪ್ಲಸ್ ಅಂತ ಹೊಡೆದ್ರೆ "ನಾಟ್ ರೆಕಗ್ನೈಸ್ಡ್" ಅಂತಿತ್ತು. ಅಂದ್ರೆ ಅದರ ಫೋಲ್ಡರನ್ನ ಪಾತ್‌ಗೆ (ಕಮಾಂಡ್ ಹುಡುಕೋಕೆ ವಿಂಡೋಸ್ ನೋಡೋ ಫೋಲ್ಡರ್‌ಗಳ ಪಟ್ಟಿ) ಸೇರಿಸಿಲ್ಲ, ಅಷ್ಟೇ. ಇಂಟರ್ನಲ್ಸ್ ತಲೆ ಮೇಲಿತ್ತು, ಅವನಿಗೆ ಕೊಟ್ಟೆ. 1,200 ರೂಪಾಯಿ ಮೊದಲೇ ಹಾಕಿಸಿಕೊಂಡು ಆಮೇಲೆ ಬಿಲ್ ಕಳಿಸಿದ. ಅದರಲ್ಲಿ 700 "ಕಂಪೈಲರ್ ಲೈಸೆನ್ಸ್"! ಜಿಸಿಸಿಗೆ ಲೈಸೆನ್ಸ್ ಫೀಸಂತೆ! 1987ರಿಂದ ಪುಕ್ಕಟೆ ಸಿಗ್ತಿರೋ ಕಂಪೈಲರ್ ಅದು. ಕೇಳಿದ್ರೆ, "ಫ್ರೀ ಇರೋದು ಸ್ಟೂಡೆಂಟ್ ಎಡಿಷನ್ ಸಾರ್, ಇದು ಫುಲ್ ವರ್ಷನ್."

ಸರಿ, ದೂರದಿಂದಲೇ ನನ್ನ ಲ್ಯಾಪ್‌ಟಾಪ್ ನಡೆಸೋಕೆ ರಿಮೋಟ್ ತಗೊಂಡ. ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು, ಸೆಟ್‌ಎಕ್ಸ್ ಕಮಾಂಡ್‌ನಲ್ಲಿ ಹಳೇ ಪಾತ್‌ನ ಬಾಲಕ್ಕೆ ಮಿನ್‌ಜಿಡಬ್ಲ್ಯೂ ಬಿನ್ ಫೋಲ್ಡರ್ ಅಂಟಿಸಿ ಎಂಟರ್ ಹೊಡೆದ. ತಕ್ಷಣ ಒಂದು ವಾರ್ನಿಂಗ್ ಬಂತು: ಸೇವ್ ಆಗ್ತಿರೋದನ್ನ 1024 ಅಕ್ಷರಕ್ಕೆ ಕತ್ತರಿಸಲಾಗಿದೆ ಅಂತ. ಇಂಗ್ಲಿಷ್‌ನಲ್ಲಿ, ಸ್ಪಷ್ಟವಾಗಿ. ನಾನು ಓದಿದೆ. "ಏನೋ ವಾರ್ನಿಂಗ್ ಬಂತಲ್ಲ?" ಅಂದೆ.

"ಎರರ್ ಅಲ್ಲ ಸಾರ್, ವಾರ್ನಿಂಗ್ ಅಷ್ಟೇ. ಎಲ್ಲಾ ಸಿಸ್ಟಮ್‌ಲೂ ಬರುತ್ತೆ."

ಎಲ್ಲಾ ಸಿಸ್ಟಮ್‌ಲೂ ಬರುತ್ತಂತೆ! ಸೆಟ್‌ಎಕ್ಸ್ ಬರೀ ಎಚ್ಚರಿಸಿ ಸುಮ್ಮನಿರಲ್ಲ ಮಾರಾಯ್ರೇ. 1024 ದಾಟಿದ ಭಾಗವನ್ನ ಬಿಟ್ಟು, ಉಳಿದದ್ದನ್ನ ಹಳೇದರ ಮೇಲೇ ಬರೆದುಬಿಡುತ್ತೆ. ಪಟ್ಟಿಯಲ್ಲಿದ್ದ ನನ್ನ ಬೇರೆ ಟೂಲ್‌ಗಳೂ ಹೋದ್ವು: ಗಿಟ್ ಹೋಯ್ತು, ನೋಡ್ ಹೋಯ್ತು, ಮೇವನ್ ಹೋಯ್ತು. ತಮಾಷೆ ಏನಂದ್ರೆ, ಅವನು ಸೇರಿಸಿದ ಮಿನ್‌ಜಿಡಬ್ಲ್ಯೂ ಇದ್ದಿದ್ದೇ ಕೊನೇಲಿ. ಅದೂ ಹೋಯ್ತು! ಜಿ ಪ್ಲಸ್ ಪ್ಲಸ್ ಮತ್ತೆ ಅದೇ "ನಾಟ್ ರೆಕಗ್ನೈಸ್ಡ್".

ಆಗ ಅವನ ಉತ್ತರ: "ನಿಮ್ಮ ವಿಂಡೋಸ್ ಕರಪ್ಟ್ ಆಗಿದೆ ಸಾರ್. ಫಾರ್ಮ್ಯಾಟ್ ಮಾಡ್ಬೇಕು. 800 ಎಕ್ಸ್‌ಟ್ರಾ."

ಹಾಳು ಮಾಡಿದ್ದು ಅವನು, ಕರಪ್ಟ್ ಆಗಿದ್ದು ನನ್ನ ವಿಂಡೋಸ್! ಸೆಟ್‌ಎಕ್ಸ್ ಮಾಡಿದ ಬದಲಾವಣೆ ಮೊದಲೇ ತೆರೆದಿದ್ದ ಕಿಟಕಿಗೆ ತಟ್ಟಲ್ಲ. ಅಂದ್ರೆ ಅವನು ಕಮಾಂಡ್ ಹೊಡೆದ ಕಿಟಕಿಯಲ್ಲೇ ಹಳೇ ಪಾತ್ ಪೂರ್ತಿ ಇತ್ತು, ಅಲ್ಲಿಂದ ಕಾಪಿ ಮಾಡಿದ್ರೆ ಮುಗೀತಿತ್ತು. ಅವನು ಮಾಡಿಸಿದ್ದೇನು? "ಎಲ್ಲಾ ಕ್ಲೋಸ್ ಮಾಡಿ ರೀಸ್ಟಾರ್ಟ್ ಮಾಡಿ ಸಾರ್." ಇದ್ದ ಸುಲಭದ ದಾರಿಯನ್ನೂ ಮುಚ್ಚಿಸಿದ. ಆಮೇಲೆ ಒಂದೊಂದೇ ಫೋಲ್ಡರ್ ಹುಡುಕಿ ಕೈಯಾರೆ ಸೇರಿಸಿದ್ದು ನಾನು.

ನೀವೇ ಮಾಡ್ಕೊಳ್ಳಿ. ಎಂಎಸ್‌ವೈಎಸ್2 (ವಿಂಡೋಸ್‌ಗೆ ಜಿಸಿಸಿ ತರದ ಟೂಲ್ ಕೊಡೋ ಪುಕ್ಕಟೆ ಸಾಫ್ಟ್‌ವೇರ್) ಇಳಿಸಿ, ಅದರ ಪ್ಯಾಕ್‌ಮ್ಯಾನ್ ಅನ್ನೋ ಇನ್‌ಸ್ಟಾಲರ್‌ನಿಂದ ಯುಸಿಆರ್‌ಟಿ64 ಅನ್ನೋ ವಿಭಾಗದ ಜಿಸಿಸಿ ಹಾಕಿ. ಪಾತ್‌ಗೆ ಸೆಟ್‌ಎಕ್ಸ್ ಮುಟ್ಟಲೇಬೇಡಿ. ಎನ್ವಿರಾನ್ಮೆಂಟ್ ವೇರಿಯಬಲ್ಸ್ ಪರದೆಯಲ್ಲಿ ಪಾತ್ ತೆಗೆದು, "ನ್ಯೂ" ಒತ್ತಿ, ಯುಸಿಆರ್‌ಟಿ64 ಒಳಗಿನ ಬಿನ್ ಫೋಲ್ಡರ್ ಸೇರಿಸಿ. ಹೊಸ ಕಿಟಕಿ ತೆರೆದು ಜಿ ಪ್ಲಸ್ ಪ್ಲಸ್ ವರ್ಷನ್ ನೋಡಿ. ಯಾರಾದ್ರೂ ವಾರ್ನಿಂಗ್‌ಗೆ "ಅಷ್ಟೇ" ಅಂದ್ರೆ ಆ ಕ್ಷಣವೇ ರಿಮೋಟ್ ಕಟ್ ಮಾಡಿ.

ದುಡ್ಡು ವಾಪಸ್ ಕೇಳಿದೆ. "ಸರ್ವಿಸ್ ಕೊಟ್ಟಾಗಿದೆ ಸಾರ್." ಹೋಗ್ಲಿ, ಆ 700ರ ಲೈಸೆನ್ಸ್ ಕೀ ಆದ್ರೂ ಕೊಡಪ್ಪಾ ಅಂದ್ರೆ, "ಪ್ರೋಸೆಸ್‌ನಲ್ಲಿದೆ" ಅಂತ ಕಳಿಸಿ ಬ್ಲಾಕ್ ಮಾಡಿದ್ದಾನೆ.