ಅಮ್ಮನ ಪಾದ ನೋಡಿ ಮಾಡಿಕೊಟ್ಟ ಎಂಸಿಆರ್ ಚಪ್ಪಲಿ

ಅಮ್ಮನಿಗೆ 74 ವರ್ಷ. ಬಲಗಾಲಿನ ಹೆಬ್ಬೆರಳು ಪಕ್ಕಕ್ಕೆ ವಾಲಿ, ಬುಡದಲ್ಲಿ ಗಂಟು ಎದ್ದಿದೆ. ಪಕ್ಕದ ಬೆರಳು ಅದರ ಮೇಲೆ ಹತ್ತಿ ಕೂತಿದೆ. ಕಳೆದ ವರ್ಷ ಎರಡು ಸಲ ಬಿದ್ದರು. ಎರಡೂ ಸಲ ಅಡುಗೆಮನೆಯ ಹೊಸ್ತಿಲ ಹತ್ತಿರವೇ. ಕಣ್ಣು, ಬಿಪಿ, ಶುಗರ್ ಎಲ್ಲ ತೋರಿಸಿದೆವು. ಪಾದ ನೋಡಿದವರು ಒಬ್ಬ ಫಿಸಿಯೋಥೆರಪಿಸ್ಟ್ ಮಾತ್ರ.

ಒಂಟಿ ಕಾಲಲ್ಲಿ ನಿಲ್ಲಿಸಿದರು. ಎಡಗಾಲಲ್ಲಿ ಆರು ಸೆಕೆಂಡ್ ನಿಂತ ಅಮ್ಮ ಬಲಗಾಲಲ್ಲಿ ಎರಡು ಸೆಕೆಂಡೂ ನಿಲ್ಲಲಿಲ್ಲ. ಮೈ ಮುಂದಕ್ಕೆ ವಾಲಿದಾಗ ಬೆರಳುಗಳು ನೆಲ ಒತ್ತಿ ತಡೆಯುತ್ತವೆ. ಆ ಕೆಲಸದಲ್ಲಿ ಹೆಬ್ಬೆರಳಿನ ಪಾಲೇ ಜಾಸ್ತಿ. ಸೊಟ್ಟಗಾದ ಬೆರಳು ಹೇಗೆ ಒತ್ತುತ್ತೆ?

ತಪ್ಪು ನಮ್ಮದೂ ಇತ್ತು. ಗಂಟು ಒತ್ತುತ್ತೆ ಅಂತ 6ರ ಬದಲು 7ನೇ ನಂಬರಿನ ಚಪ್ಪಲಿ ತಂದಿದ್ದೆ. ಅಗಲ ಸರಿಹೋಯ್ತು, ಉದ್ದ ಹೆಚ್ಚಾಯ್ತು. ಆ ತುದಿಯೇ ಹೊಸ್ತಿಲಿಗೆ ತಗಲುತ್ತಿತ್ತು.

ಮೈಸೂರಲ್ಲಿ ಅಳತೆ ತೆಗೆದು ಚಪ್ಪಲಿ ಮಾಡಿಕೊಡುವ ಸಣ್ಣ ಅಂಗಡಿಗೆ ಹೋದೆವು. "ಅಮ್ಮಾ, ಎದ್ದು ನಿಂತ್ಕೊಳ್ಳಿ" ಎಂದರು ಯಜಮಾನರು. ಭಾರ ಬಿದ್ದಾಗ ಪಾದ ಅಗಲವಾಗುತ್ತೆ, ಕೂತು ಅಳೆದರೆ ಸುಳ್ಳು ಅಳತೆ. ಎರಡೂ ಪಾದಗಳನ್ನು ಬೇರೆಬೇರೆ ಕಾಗದದಲ್ಲಿ ಗೀಚಿಕೊಂಡರು. ಇನ್ನೂ ಮೆತ್ತಗಿರಲಿ ಎಂದೆ, ಒಪ್ಪಲಿಲ್ಲ. ತುಂಬಾ ಮೆತ್ತಗಿದ್ದರೆ ನೆಲ ಎಲ್ಲಿದೆ ಅಂತ ಪಾದಕ್ಕೆ ಗೊತ್ತಾಗಲ್ಲವಂತೆ. ಹಾಗಾಗಿ ಮೇಲೆ ಎಂಸಿಆರ್ (ಮೈಕ್ರೋ ಸೆಲ್ಯುಲರ್ ರಬ್ಬರ್, ಒಳಗೆ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆ ರಬ್ಬರ್), ಕೆಳಗೆ ಗಟ್ಟಿ ಸೋಲ್, ಹಿಂದೆ ಪಟ್ಟಿ. ಪಟ್ಟಿ ಇಲ್ಲದಿದ್ದರೆ ಚಪ್ಪಲಿ ಹಿಡಿದುಕೊಳ್ಳೋಕೇ ಬೆರಳು ಮುದುರಬೇಕು.

1,850 ರೂಪಾಯಿ, ಒಂಬತ್ತು ದಿನ. ಮೊದಲ ವಾರ ಮುಂದಿನ ಪಟ್ಟಿ ಗಂಟಿಗೆ ಉಜ್ಜಿತು, ದುಡ್ಡು ತೆಗೆದುಕೊಳ್ಳದೆ ಸರಿಮಾಡಿದರು. ವೆಲ್ಕ್ರೋ ಮಾತ್ರ ಗಟ್ಟಿ, ಬಿಚ್ಚೋಕೆ ಅಮ್ಮನ ಕೈಬೆರಳಿಗೆ ಇನ್ನೂ ಕಷ್ಟ. ಅಂಗಡಿಗೆ ಮೂರು ಮೆಟ್ಟಿಲಿವೆ, ಕೈಹಿಡಿ ಇಲ್ಲ. ಬರುವವರೆಲ್ಲ ವಯಸ್ಸಾದವರೇ ಅಲ್ವಾ, ದಯವಿಟ್ಟು ಅದೊಂದು ಹಾಕಿಸಿ.

ಬೆರಳೇನೂ ನೆಟ್ಟಗಾಗಿಲ್ಲ, ಚಪ್ಪಲಿಯಿಂದ ಆಗುವುದೂ ಇಲ್ಲ. ಆದರೆ ಐದು ತಿಂಗಳಿಂದ ಅಮ್ಮ ಬಿದ್ದಿಲ್ಲ. ಚಪ್ಪಲಿ ಒಂದರಿಂದಲೇ ಅನ್ನಲಾರೆ. ಕಾಲ್ಬೆರಳಿಂದ ಟವೆಲ್ ಎಳೆಯುವ ವ್ಯಾಯಾಮವನ್ನೂ ದಿನಾ ಮಾಡುತ್ತಾರೆ. ಮೆಲ್ಬರ್ನ್‌ನಲ್ಲಿ ಪಾದ ನೋವಿದ್ದ 305 ಹಿರಿಯರ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಲ್ಲೂ ಒಳಮೆತ್ತೆ, ಪಾದರಕ್ಷೆಯ ಸಲಹೆ, ವ್ಯಾಯಾಮ ಎಲ್ಲ ಒಟ್ಟಿಗೆ ಕೊಟ್ಟಾಗಲೇ ಬೀಳುವುದು ಶೇ. 36ರಷ್ಟು ಕಡಿಮೆಯಾಗಿದ್ದು.

ಹೋಗುವುದಾದರೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತೆ. ಹಳೇ ಚಪ್ಪಲಿಯನ್ನೂ ಒಯ್ಯಿರಿ. ಅದು ಎಲ್ಲಿ ಸವೆದಿದೆ ಅಂತ ಯಜಮಾನರು ಮೊದಲು ಕೇಳುತ್ತಾರೆ.