ಪೆಟ್ ಫೆಲ್ಟ್ ಪ್ಯಾನೆಲ್ ಬಳಸಿ ನೋಡಿದೆ: ಎಲ್ಲಿ ಚೆನ್ನ, ಎಲ್ಲಿ ಬೇಡ

ಕೆಲಸದ ಕೋಣೆಯ ಎರಡು ಗೋಡೆಗೆ ಪೆಟ್ ಫೆಲ್ಟ್ ಪ್ಯಾನೆಲ್ ಹಾಕಿಸಿದ್ದೇನೆ. ನೀರಿನ ಬಾಟಲಿ ಇರುತ್ತಲ್ಲ, ಅದೇ ಪ್ಲಾಸ್ಟಿಕ್ಕನ್ನು ಕರಗಿಸಿ ಎಳೆ ತೆಗೆದು, ಆ ಎಳೆಗಳನ್ನು ಮುಳ್ಳುಸೂಜಿಗಳಿಂದ ಚುಚ್ಚಿ ಚುಚ್ಚಿ ಒಂದಕ್ಕೊಂದು ಸಿಕ್ಕಿಸಿ, ಆಮೇಲೆ ಬಿಸಿ ಕೊಟ್ಟು ಒತ್ತಿ ಗಟ್ಟಿ ಹಾಳೆ ಮಾಡಿರುತ್ತಾರೆ. 9, 12, 24 ಮಿಲಿಮೀಟರ್ ದಪ್ಪದಲ್ಲಿ ಸಿಗುತ್ತದೆ. ಮಾರುವವರ ಪಟ್ಟಿ ದೊಡ್ಡದು: ಸದ್ದು ತಡೆಯುತ್ತೆ, ಬಿಸಿಲಿನ ಕಾವು ತಡೆಯುತ್ತೆ, ಗೋಡೆಗೆ ಅಂದ ಕೊಡುತ್ತೆ, ಪಿನ್ ಬೋರ್ಡ್ ಆಗುತ್ತೆ, ಪರಿಸರಕ್ಕೂ ಒಳ್ಳೇದು. ಬಳಸಿದ ಮೇಲೆ ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗೋಕೆ ಆಗಲ್ಲ ಅಂತ ಗೊತ್ತಾಗುತ್ತದೆ.

ಮೊದಲು ನನಗೆ ತುಂಬ ಇಷ್ಟವಾದದ್ದು. ಟೈಲ್ಸ್ ನೆಲ, ಗಾಜಿನ ಕಿಟಕಿ, ಬೋಳು ಗೋಡೆ ಇರುವ ಕೋಣೆಯಲ್ಲಿ ಮಾತಾಡಿದರೆ ಸದ್ದು ಗುಂಯ್ ಅಂತ ಸುತ್ತುತ್ತಲೇ ಇರುತ್ತದೆ ಅಲ್ವಾ, ಅದು ಹೋಯಿತು. ಚಪ್ಪಾಳೆ ತಟ್ಟಿದರೆ ಟಪ್ ಅಂತ ಅಲ್ಲಿಗೇ ನಿಲ್ಲುತ್ತದೆ. ವಿಡಿಯೊ ಕಾಲ್‌ನಲ್ಲಿ ಆ ಕಡೆಯವರು ‘ಏನಂದ್ರಿ?’ ಅಂತ ಕೇಳೋದು ಕಡಿಮೆಯಾಗಿದೆ. ಇದರ ಹಿಂದಿನ ಲೆಕ್ಕ ಹಳೆಯದು. 1895ರಲ್ಲಿ ಹಾರ್ವರ್ಡ್‌ನ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಪಾಠ ಮಾಡುವವರ ಮಾತೇ ತಿಳಿಯುತ್ತಿರಲಿಲ್ಲ. ಅದನ್ನು ಸರಿಮಾಡಲು ಹೊರಟ ವ್ಯಾಲೇಸ್ ಸೇಬಿನ್ ಅನ್ನುವ ಭೌತಶಾಸ್ತ್ರದ ಮೇಷ್ಟ್ರು, ಹತ್ತಿರದ ಥಿಯೇಟರಿನ ಸೀಟಿನ ಮೆತ್ತೆಗಳನ್ನು ರಾತ್ರಿ ಹೊತ್ತು ತಂದು ಜೋಡಿಸಿ, ಆರ್ಗನ್ ಕೊಳವೆಯಿಂದ ಸದ್ದು ಹೊರಡಿಸಿ, ಅದು ಅಡಗಲು ಎಷ್ಟು ಹೊತ್ತು ಬೇಕು ಅಂತ ಸ್ಟಾಪ್‌ವಾಚಿನಲ್ಲಿ ಅಳೆದರು. ಮೆತ್ತೆ ಹೆಚ್ಚಿದಷ್ಟೂ ಸದ್ದು ಬೇಗ ಅಡಗಿತು. ಫೆಲ್ಟ್ ಮಾಡೋದೂ ಅದನ್ನೇ. ಎಳೆಗಳ ಸಂದಿಯಲ್ಲಿ ಗಾಳಿ ಹೋಗಿ ಬಂದು ಉಜ್ಜಿಕೊಂಡಾಗ ಸದ್ದು ಒಂಚೂರು ಶಾಖವಾಗಿ ಕರಗಿಹೋಗುತ್ತದೆ.

ಆದರೆ ಹಾಕುವ ರೀತಿಯಲ್ಲೇ ಅರ್ಧ ಗುಟ್ಟಿದೆ. ನಾನು ಒಂದು ಗೋಡೆಗೆ ಪ್ಯಾನೆಲ್ಲನ್ನು ನೇರವಾಗಿ ಅಂಟಿಸಿದೆ, ಇನ್ನೊಂದು ಗೋಡೆಗೆ ಮರದ ಪಟ್ಟಿ ಹೊಡೆಸಿ ಹಿಂದೆ 50 ಮಿಲಿಮೀಟರ್ ಜಾಗ ಬಿಟ್ಟು ಸ್ಕ್ರೂ ಹಾಕಿಸಿದೆ. ಎರಡನೆಯ ಗೋಡೆಯ ಹತ್ತಿರ ಕೂತು ಮಾತಾಡಿದರೆ ವ್ಯತ್ಯಾಸ ಕಿವಿಗೇ ಗೊತ್ತಾಗುತ್ತದೆ. ಕಾರಣ ಇಷ್ಟೇ, ಗೋಡೆಗೆ ತಾಗಿದ ಕಡೆ ಗಾಳಿ ಅಲುಗಾಡೋದೇ ಇಲ್ಲ, ಅಲ್ಲಿ ಎಳೆಗಳಿಗೆ ಕೆಲಸವೂ ಇಲ್ಲ. ಗೋಡೆಯಿಂದ ದೂರ ಬಂದಷ್ಟೂ ಗಾಳಿ ಜಾಸ್ತಿ ಓಡಾಡುತ್ತದೆ, ಎಳೆ ಅದನ್ನು ಹಿಡಿಯುತ್ತದೆ. ಹಾಗಾಗಿ ಅಂಗಡಿಯವರು ‘ಎನ್‌ಆರ್‌ಸಿ 0.8’ ಅಂದಾಗ ಸುಮ್ನೆ ತಲೆಯಾಡಿಸಬೇಡಿ. ಈ ಎನ್‌ಆರ್‌ಸಿ 250, 500, 1000, 2000 ಹರ್ಟ್ಜ್‌ಗಳಲ್ಲಿ ಎಷ್ಟು ಪಾಲು ಸದ್ದು ಹೀರಿತು ಅನ್ನುವುದರ ಸರಾಸರಿ; 0 ಅಂದರೆ ಏನೂ ಹೀರಲಿಲ್ಲ, 1 ಅಂದರೆ ಪೂರ್ತಿ ಹೀರಿತು. ಗೋಡೆಗೆ ಅಂಟಿಸಿದಾಗ 0.4ರ ಆಸುಪಾಸು ಬರುವ 12 ಮಿಲಿಮೀಟರ್ ಹಾಳೆಯೇ ಹಿಂದೆ ಸಾಕಷ್ಟು ಗಾಳಿ ಬಿಟ್ಟರೆ 0.7 ದಾಟುವುದುಂಟು. ಟೆಸ್ಟ್ ರಿಪೋರ್ಟಿನಲ್ಲಿ ‘ಮೌಂಟಿಂಗ್’ ಅನ್ನುವ ಸಾಲು ನೋಡಿ. ‘ಎ’ ಅಂತಿದ್ದರೆ ನೇರವಾಗಿ ಇಟ್ಟು ಅಳೆದದ್ದು. ‘ಇ-400’ ಅಂತಿದ್ದರೆ ಹಿಂದೆ 400 ಮಿಲಿಮೀಟರ್ ಖಾಲಿ ಬಿಟ್ಟು ಅಳೆದದ್ದು, ಅಂದರೆ ತೂಗುಚಾವಣಿಯ ಲೆಕ್ಕ. ಗೋಡೆಗೆ ಹಾಕುವವರಿಗೆ ಆ ಅಂಕಿ ಉಪಯೋಗಕ್ಕೆ ಬರಲ್ಲ.

ಈಗ ‘ಸದ್ದು ತಡೆಯುತ್ತೆ’ ಅನ್ನೋ ಮಾತು. ಪಕ್ಕದ ಮನೆಯ ಟಿವಿ ಕೇಳಿಸಬಾರದು ಅಂತ ಇದನ್ನು ಕೊಳ್ಳುವವರಿಗೆ ನನ್ನ ಕಳಕಳಿಯ ಮಾತು: ದಯವಿಟ್ಟು ಬೇಡ. ಸದ್ದು ಹೀರುವುದು ಬೇರೆ, ಆಚೆಯ ಸದ್ದು ಒಳಗೆ ಬಾರದಂತೆ ತಡೆಯುವುದು ಬೇರೆ. ತಡೆಯೋಕೆ ತೂಕ ಬೇಕು, ಸಂದಿ ಇರಬಾರದು. ಈ 12 ಮಿಲಿಮೀಟರ್ ಹಾಳೆ ಚದರ ಮೀಟರಿಗೆ 2ರಿಂದ 2.5 ಕೆಜಿ ಇದ್ದರೆ ಹೆಚ್ಚು. ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆ 200 ಕೆಜಿ ದಾಟುತ್ತದೆ. ಆ ಗೋಡೆ ದಾಟಿ ಬಂದ ಸದ್ದನ್ನು ಇದೇನು ತಡೆದೀತು? ದಪ್ಪ ದನಿಯ ಸ್ಪೀಕರಿನ ಧಮ್ ಧಮ್ ಅಂತೂ ಇದಕ್ಕೆ ಲೆಕ್ಕಕ್ಕೇ ಇಲ್ಲ. ಕಾವು ತಡೆಯುವ ವಿಷಯವೂ ಹಾಗೇ, 12 ಮಿಲಿಮೀಟರ್ ದಪ್ಪದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಆಗಲ್ಲ.

ಪಿನ್ ಬೋರ್ಡ್ ಆಗಿ ಬಲು ಚೆನ್ನಾಗಿದೆ. ನಕ್ಷೆ, ಬಣ್ಣದ ಸ್ಯಾಂಪಲ್ ಎಲ್ಲ ಚುಚ್ಚಿ ತೆಗೆದರೂ ತೂತು ಅಷ್ಟಾಗಿ ಕಾಣಲ್ಲ. ಕತ್ತರಿಸೋಕೂ ಸುಲಭ, ಆದರೆ ಬ್ಲೇಡು ಹೊಸದಿರಬೇಕು. ಮೊಂಡು ಬ್ಲೇಡಿನಲ್ಲಿ ಎಳೆದರೆ ಅಂಚು ನಾರುನಾರಾಗಿ ಎದ್ದು ನಿಲ್ಲುತ್ತದೆ, ಆಮೇಲೆ ಏನು ಮಾಡಿದರೂ ಕೂರುವುದಿಲ್ಲ. ಹಿಂಬದಿಯಲ್ಲಿ ‘ವಿ’ ಆಕಾರದ ತೋಡು ತೆಗೆದು ಮಡಚಿದರೆ ಮೂಲೆ ಜೋಡಣೆಯೇ ಕಾಣದಂತೆ ತಿರುಗುತ್ತದೆ. ನನ್ನ ಬಡಗಿ ಕಿಟಕಿಯ ಪಕ್ಕದ ಮೂಲೆಯನ್ನು ಹಾಗೆ ಮಾಡಿಕೊಟ್ಟರು, ಇಡೀ ಕೆಲಸದಲ್ಲಿ ನೋಡೋಕೆ ಅದೇ ಚೆಂದ. ಕತ್ತರಿಸುವಾಗ ಬೀಳುವ ಎಳೆಗಳೂ ಪ್ಲಾಸ್ಟಿಕ್ಕೇ, ಗುಡಿಸಿ ಚೀಲಕ್ಕೆ ತುಂಬಿ, ನೀರಿಗೆ ತೊಳೆದುಬಿಡಬೇಡಿ.

ಬೆಂಕಿಯ ವಿಷಯವನ್ನು ಮಾತ್ರ ಹಗುರವಾಗಿ ತಗೋಬೇಡಿ. ಪೆಟ್ ಸುಮಾರು 250 ಡಿಗ್ರಿಯಲ್ಲಿ ಕರಗುತ್ತದೆ. ಬೆಂಕಿಗೆ ವಸ್ತು ಹೇಗೆ ವರ್ತಿಸುತ್ತದೆ ಅಂತ ದರ್ಜೆ ಕೊಡುವ ಯುರೋಪಿನ ಪಟ್ಟಿಯಲ್ಲಿ ‘ಬಿ-ಎಸ್1, ಡಿ0’ ಅಂತ ಬಂದಿರುವ ಹಾಳೆಯನ್ನೇ ಕೇಳಿ. ಬಿ ಅಂದರೆ ಬೆಂಕಿಗೆ ಹೆಚ್ಚು ಇಂಬು ಕೊಡಲ್ಲ, ಎಸ್1 ಅಂದರೆ ಹೊಗೆ ಕಡಿಮೆ, ಡಿ0 ಅಂದರೆ ಉರಿಯುವ ಹನಿ ಬೀಳಲ್ಲ. ಚಾವಣಿಗೆ ಹಾಕುವವರು ಈ ಡಿ0 ಇಲ್ಲದಿದ್ದರೆ ವಾಪಸು ಬನ್ನಿ. ಒಲೆಯ ಹತ್ತಿರ ಹೇಗಿದ್ದರೂ ಬೇಡ.

ಕಾವು ತಡೆಯೋದೂ ಬೇಕು ಅನ್ನುವವರು ಕಪ್ಪಗೆ ಹುರಿದಂತಿರುವ ಕಾರ್ಕ್ ಹಲಗೆ ನೋಡಬಹುದು. ಕಾರ್ಕ್ ಓಕ್ ಮರ ಕಡಿಯದೆ ಸುಮಾರು ಒಂಬತ್ತು ವರ್ಷಕ್ಕೊಮ್ಮೆ ತೊಗಟೆ ಸುಲಿಯುತ್ತಾರೆ. ಚೂರು ಮಾಡಿ ಬಿಸಿ ಹಬೆ ಹಾಯಿಸಿದರೆ ಅದರದೇ ಅಂಟಿನಲ್ಲಿ ಹಲಗೆ ಕೂಡಿಕೊಳ್ಳುತ್ತದೆ, ಬೇರೆ ಅಂಟು ಬೇಕಿಲ್ಲ. ಸುಟ್ಟ ವಾಸನೆ ಇರುತ್ತದೆ, ಅಂಚು ಉದುರುತ್ತದೆ, ಅದಕ್ಕೆ ತಯಾರಿರಿ.

ಫೆಲ್ಟ್ ಕೊಳ್ಳುವುದಾದರೆ ಅಂಟಿಗಿಂತ ಸ್ಕ್ರೂ ಮೇಲು. ಅಂಟಿಸಿದ ಹಾಳೆ ಬಿಚ್ಚುವಾಗ ಗೋಡೆಯ ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ, ಅಂಟು ಮೆತ್ತಿದ ಪ್ಲಾಸ್ಟಿಕ್ಕನ್ನು ಮತ್ತೆ ಕರಗಿಸೋಕೂ ಕಷ್ಟ, ಆಗ ಮರುಬಳಕೆ ಅನ್ನೋ ಮಾತಿಗೆ ಏನರ್ಥ? ಒಂದೆರಡು ಹಾಳೆ ಜಾಸ್ತಿ ತಂದಿಟ್ಟುಕೊಳ್ಳಿ. ಬೇರೆ ಲಾಟಿನದು ತಂದರೆ ಬಣ್ಣ ಒಂದು ಛಾಯೆ ಆಚೀಚೆ ಆಗಬಹುದು, ಪಕ್ಕಪಕ್ಕ ಇಟ್ಟಾಗ ಅದು ಕಂಡೇ ಕಾಣುತ್ತದೆ.